ಥಿಯೇಟರಿನಲ್ಲೊಮ್ಮೆ, ಸೋಫಾದ ಮೇಲೊಮ್ಮೆ: ಐದು ಕನ್ನಡ ಚಿತ್ರಗಳು

ದೊಡ್ಡ ಬಜೆಟ್ಟಿನ ಚಿತ್ರವಾದರೆ ಥಿಯೇಟರು, ಸಣ್ಣದಾದರೆ ಓಟಿಟಿಗೆ ಬರಲಿ ಬಿಡು: ಈ ಲೆಕ್ಕ ಈಗ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೆ. ಒಂದೇ ಚಿತ್ರವನ್ನು ಎರಡೂ ಕಡೆ ನೋಡಿದರೆ ಲೆಕ್ಕ ತಪ್ಪುತ್ತದೆ. ಕೋಟಿಗಟ್ಟಲೆ ಸುರಿದ ಚಿತ್ರ ಮನೆಯ ಟಿವಿಯಲ್ಲಿ ಆರಾಮಾಗಿ ನಿಲ್ಲುತ್ತದೆ, ಒಂದು ಹಳ್ಳಿ ನಾಲ್ಕು ಮನೆಯ ಕಥೆ ಸೋಫಾದ ಮೇಲೆ ಅರ್ಧಕ್ಕರ್ಧ ಸೊರಗುತ್ತದೆ. ಚಿತ್ರ ಎದೆಗೆ ಬಡಿಯುವ ಸದ್ದನ್ನು ಎಷ್ಟು ನಂಬಿದೆ, ಕತ್ತಲನ್ನು ಎಷ್ಟು ನಂಬಿದೆ, ಪಕ್ಕದ ಸೀಟಿನವರ ನಗುವನ್ನು ಎಷ್ಟು ನಂಬಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಹೋಲಿಕೆಯಲ್ಲಿ ಒಂದು ಕಡೆ ಬೆಂಗಳೂರಿನ ಮಲ್ಟಿಪ್ಲೆಕ್ಸು ಮತ್ತು ಒಂಟಿ ಪರದೆಯ ಥಿಯೇಟರು. ಇನ್ನೊಂದು ಕಡೆ 55 ಇಂಚಿನ 4ಕೆ ಎಲ್‌ಇಡಿ ಟಿವಿ, ಕೂರುವ ಜಾಗ ಎಂಟು ಅಡಿ ದೂರ, ಸಬ್‌ವೂಫರ್ ಇರುವ ಸಾಧಾರಣ ಸೌಂಡ್‌ಬಾರ್. ಈ ದೂರದಲ್ಲಿ ಟಿವಿ ಕಣ್ಣಿನ ಮುಂದೆ ಸುಮಾರು 28 ಡಿಗ್ರಿ ಅಗಲ ತುಂಬುತ್ತದೆ. ಸಿನಿಮಾಕ್ಕೆ 30 ಡಿಗ್ರಿಯಾದರೂ ಇರಲಿ ಎನ್ನುವುದು ತಂತ್ರಜ್ಞರ ಲೆಕ್ಕ. 43 ಇಂಚಿನ ಟಿವಿಯನ್ನು ಹತ್ತು ಅಡಿ ದೂರದಿಂದ ನೋಡುವವರಿಗೆ ಸಿಗುವುದು 18 ಡಿಗ್ರಿಯೂ ಇಲ್ಲ. ಸ್ಕೋಪ್ ಅಳತೆಯ (ಟಿವಿಯ ಆಕಾರಕ್ಕಿಂತ ಹೆಚ್ಚು ಅಗಲದ) ಚಿತ್ರವಾದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಟಿವಿಯ ಎತ್ತರದ ಕಾಲುಭಾಗ ಖಾಲಿ ಹೋಗುತ್ತದೆ. ಹೀಗೆ ದೂರ ಕೂರುವವರು ಹೊಸ ಟಿವಿ ಕೊಳ್ಳುವ ಮೊದಲು ಕುರ್ಚಿಯನ್ನು ಆರಡಿಗೆ ಎಳೆದು ನೋಡಲಿ. ಅದಕ್ಕೆ ದುಡ್ಡು ಬೇಡ.

ಮೊದಲಿಗೆ 'ಕಾಂತಾರ'. 2022ರ ಸೆಪ್ಟೆಂಬರ್ 30ಕ್ಕೆ ತೆರೆಗೆ, ನವೆಂಬರ್ 24ಕ್ಕೆ ಪ್ರೈಮ್ ವಿಡಿಯೊಗೆ. ಐದರಲ್ಲಿ ಮನೆಗೆ ಬಂದಾಗ ಅತಿ ಹೆಚ್ಚು ಕಳೆದುಕೊಳ್ಳುವುದು ಇದೇ, ಕಳೆದುಕೊಳ್ಳುವುದು ಕಿವಿಯ ಪಾಲನ್ನು. ಕೊನೆಯ ಹದಿನೈದು ಇಪ್ಪತ್ತು ನಿಮಿಷ ರಿಷಬ್ ಶೆಟ್ಟಿ ಮೈಮೇಲೆ ಬಂದ ದೈವವಾಗಿ ಕೂಗುವ ಆ ಕೂಗು, ಚೆಂಡೆಯ ಪೆಟ್ಟು, ಅದರ ಅಡಿಯಲ್ಲಿ ಅಜನೀಶ್ ಲೋಕನಾಥ್ ಹಾಕಿರುವ ಗುಡುಗಿನಂಥ ಕೆಳಸ್ವರ ಥಿಯೇಟರಿನಲ್ಲಿ ಕುರ್ಚಿಯ ಹಿಡಿಯನ್ನೇ ಅಲ್ಲಾಡಿಸುತ್ತವೆ. ಟಿವಿಯೊಳಗಿನ ಎರಡು ಪುಟ್ಟ ಸ್ಪೀಕರು ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಹೇಳಿಕೊಳ್ಳುವಷ್ಟು ಹೊರಡಿಸುವುದೇ ಇಲ್ಲ. ಅಲ್ಲಿ ಉಳಿಯುವುದು ಕೂಗಿನ ಮೇಲಿನ ಕೀರಲು ಭಾಗ ಮಾತ್ರ. ಹಾಗೆ ನೋಡಿದವರು 'ಇದಕ್ಕೇಕೆ ಇಷ್ಟು ಗಲಾಟೆ' ಎಂದು ಕೇಳಿದರೆ ತಪ್ಪು ಅವರದಲ್ಲ.

ಸೌಂಡ್‌ಬಾರ್ ಇದ್ದರೂ ಹಲವು ಮನೆಗಳಲ್ಲಿ ಅದು ಅರೆಕೆಲಸ ಮಾಡುತ್ತಿರುತ್ತದೆ. ಕಾರಣ ತಂತಿ. ಪ್ರೈಮ್, ನೆಟ್‌ಫ್ಲಿಕ್ಸ್ ಕಳಿಸುವ, ಸುತ್ತಲಿಂದ ಕೇಳಿಸುವ ಆರು ಚಾನೆಲ್‌ನ ಸದ್ದು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುತ್ತದೆ; ಆಪ್ಟಿಕಲ್ ತಂತಿಯಲ್ಲಿ ಅದು ಹಾಗೆಯೇ ಸಾಗುವುದಿಲ್ಲ. ಎಚ್‌ಡಿಎಂಐ ತಂತಿಯನ್ನು ಟಿವಿಯ ಹಿಂದೆ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದು ಬರೆದಿರುವ ಕಿಂಡಿಗೇ ಹಾಕಬೇಕು, ಪಕ್ಕದ್ದಕ್ಕಲ್ಲ. ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ 'ಆಟೊ' ಅಥವಾ 'ಪಾಸ್‌ಥ್ರೂ' ಮಾಡಬೇಕು. ಪಿಸಿಎಂನಲ್ಲಿ ಎಆರ್‌ಸಿ ಕಿಂಡಿ ಎರಡೇ ಚಾನೆಲ್ ಕೊಡುತ್ತದೆ. ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ಸುತ್ತಲ ಸದ್ದೂ ಇಲ್ಲ, ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವ ಸಂಭವವೂ ಉಂಟು. ಇಷ್ಟು ಸರಿಮಾಡಿದರೆ 'ಕಾಂತಾರ' ಮನೆಯಲ್ಲಿ ಥಿಯೇಟರಿನ ಅರವತ್ತು ಪಾಲು ಸಿಗುತ್ತದೆ ಎನ್ನಬಹುದು. ಉಳಿದ ನಲವತ್ತಕ್ಕೆ ಕೆಳಗಿನ ಮನೆಯವರ ಒಪ್ಪಿಗೆ ಬೇಕು.

ಇನ್ನೊಂದು ವಿಚಿತ್ರವೂ ಈ ಚಿತ್ರದ್ದೇ. ಓಟಿಟಿಗೆ ಬಂದ ಆರಂಭದಲ್ಲಿ 'ವರಾಹ ರೂಪಂ' ಹಾಡು ಥಿಯೇಟರಿನ ಧಾಟಿಯಲ್ಲಿ ಇರಲಿಲ್ಲ. ತೈಕ್ಕುಡಂ ಬ್ರಿಡ್ಜ್ ಎಂಬ ಸಂಗೀತ ತಂಡ ಕೇರಳದಲ್ಲಿ ಹೂಡಿದ ಹಕ್ಕುಸ್ವಾಮ್ಯದ ದಾವೆಯಿಂದಾಗಿ ಬೇರೆ ರಾಗಸಂಯೋಜನೆ ಹಾಕಿದ್ದರು. ಮೂಲ ಹಾಡು ಆಮೇಲೆ ಮರಳಿತು. ಮೊದಲ ದಿನಗಳಲ್ಲೇ ಮನೆಯಲ್ಲಿ ನೋಡಿ ಮುಗಿಸಿದವರು ಕ್ಲೈಮ್ಯಾಕ್ಸನ್ನು ಇನ್ನೊಮ್ಮೆ ಹಾಕಿ ನೋಡಲಿ, ಅವರು ನೋಡಿದ್ದು ಬೇರೆಯೇ ಚಿತ್ರ.

'ಕೆಜಿಎಫ್ ಚಾಪ್ಟರ್ 2' (2022ರ ಏಪ್ರಿಲ್ 14) ಬಗ್ಗೆ ನನ್ನ ಅಭಿಪ್ರಾಯಕ್ಕೆ ಬೈಯುವವರು ಇದ್ದಾರೆ: ಒಳ್ಳೆಯ ಟಿವಿ ಇದ್ದರೆ ಇದು ಮನೆಯಲ್ಲಿ ಹೆಚ್ಚೇನೂ ಸೋಲುವುದಿಲ್ಲ. ರವಿ ಬಸ್ರೂರರ ಸಂಗೀತ ಎಲ್ಲೂ ಉಸಿರು ಬಿಡುವುದಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿರುವ ಸದ್ದನ್ನು ಸಣ್ಣ ಸ್ಪೀಕರು ಕೂಡ ನಿಭಾಯಿಸುತ್ತದೆ, ಥಿಯೇಟರಿನಲ್ಲೋ ಎರಡನೇ ಅರ್ಧಕ್ಕೆ ಕಿವಿ ದಣಿಯುತ್ತದೆ. ತೊಂದರೆ ಬರುವುದು ಕಪ್ಪು ಬಣ್ಣದಲ್ಲಿ. ಮಸಿ ಬಳಿದಂಥ ಗಣಿಯ ಲೋಕ, ಕಾರಿನ ಬೆನ್ನಟ್ಟುವಿಕೆಯ ನಡುವೆ ತೆರೆ ಪೂರ್ತಿ ಕಪ್ಪಾಗಿ ಮತ್ತೆ ಬೆಳಕಾಗುವ ಆ ಕತ್ತರಿ ಕೆಲಸ. ಐಪಿಎಸ್ ಎಂಬ ಬಗೆಯ ಪ್ಯಾನೆಲ್‌ನ ಟಿವಿಯಲ್ಲಿ ಕಪ್ಪು ಬೂದಿಯಾಗಿ ಹೊಳೆಯುತ್ತದೆ, ಏಕೆಂದರೆ ಅದರ ಕಾಂಟ್ರಾಸ್ಟ್ (ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಬೆಳಕಿನ ಅಂತರ) ಸುಮಾರು 1000:1. ವಿಎ ಪ್ಯಾನೆಲ್‌ನಲ್ಲಿ ಅದರ ಮೂರು ನಾಲ್ಕು ಪಟ್ಟು, ಒಎಲ್‌ಇಡಿಯಲ್ಲಿ ಕಪ್ಪೆಂದರೆ ಕಪ್ಪು. ಕೊಳ್ಳುವಾಗ ಅಂಗಡಿಯವರು 4ಕೆ, ಎಚ್‌ಡಿಆರ್ ಎಂದು ಓದಿ ಹೇಳುತ್ತಾರೆ. ಪ್ಯಾನೆಲ್ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಜೊತೆಗೆ ಇಂಟರ್‌ನೆಟ್ ವೇಗವೂ ಸಾಲಬೇಕು. 4ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ, ಥಿಯೇಟರಿನ ಡಿಜಿಟಲ್ ಪ್ರತಿಗೋ 250 ಮೆಗಾಬಿಟ್‌ವರೆಗೆ ಅವಕಾಶ. ಹೊಗೆ, ಧೂಳು, ರಾತ್ರಿಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಾಣುವುದು ಮುಖ್ಯವಾಗಿ ಚಿತ್ರವನ್ನು ಇಷ್ಟು ಕಡಿಮೆ ಮೆಗಾಬಿಟ್ಟಿಗೆ ಹಿಂಡುವುದರಿಂದ.

'ಸು ಫ್ರಮ್ ಸೋ' (2025ರ ಜುಲೈ 25) ಮೇಲಿನ ಎರಡಕ್ಕೂ ತದ್ವಿರುದ್ಧ. ದೊಡ್ಡ ತಾರೆಯ ಹೆಸರಿನ ಮೇಲೆ ನಿಂತದ್ದಲ್ಲ, ಬಾಯಿಂದ ಬಾಯಿಗೆ ಹಬ್ಬಿ ಓಡಿದ್ದು. ತಾಂತ್ರಿಕವಾಗಿ ಮನೆಯ ಟಿವಿಗೆ ಸುಲಭದ ತುತ್ತು. ಹಾಗಿದ್ದೂ ಮೊದಲ ಸಲ ಇದನ್ನು ಮನೆಯಲ್ಲಿ ಒಬ್ಬರೇ ನೋಡಬಾರದು. ರವಿಯಣ್ಣ ಎಂಬ ಪಾತ್ರ ಬರುವಾಗಿನ ಬಿಲ್ಡಪ್ಪು, ಬಾವನ ಒಂದೊಂದು ನೋಟ, ಇವಕ್ಕೆಲ್ಲ ನಿರ್ದೇಶಕ ಜೆ.ಪಿ. ತುಮಿನಾಡು ನಗಲು ಜಾಗ ಬಿಟ್ಟಿದ್ದಾರೆ. ತುಂಬಿದ ಹಾಲಿನಲ್ಲಿ ಆ ಜಾಗವನ್ನು ಜನ ತುಂಬುತ್ತಾರೆ, ಖಾಲಿ ಕೋಣೆಯಲ್ಲಿ ಅದು ಎಳೆದಂತೆ ಕಾಣುತ್ತದೆ. 'ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು' ಎನ್ನುವವರನ್ನು ಎಲ್ಲಿ ನೋಡಿದಿರಿ ಎಂದು ಕೇಳಿ. ಬಹಳ ಸಲ ಉತ್ತರ ಫೋನು ಎಂದಿರುತ್ತದೆ. ಥಿಯೇಟರಿನ ನಷ್ಟವೂ ಒಂದಿದೆ: ಒಂದು ನಗು ಮುಂದಿನ ಮಾತನ್ನು ನುಂಗುತ್ತದೆ. ದಕ್ಷಿಣ ಕನ್ನಡದ ಮಾತಿನ ಲಯ ಗೊತ್ತಿಲ್ಲದ ಬಯಲುಸೀಮೆಯವರಿಗಂತೂ ನಾಲ್ಕರಲ್ಲಿ ಒಂದು ತಪ್ಪೀತು. ಸೆಪ್ಟೆಂಬರ್ 9ರಿಂದ ಜಿಯೋಹಾಟ್‌ಸ್ಟಾರ್‌ನಲ್ಲಿ ಬಂದ ಮೇಲೆ ಸಬ್‌ಟೈಟಲ್ ಹಾಕಿಕೊಂಡು ಹಿಂದೆಮುಂದೆ ಓಡಿಸಿದರೆ ತಪ್ಪಿದ್ದೆಲ್ಲ ಸಿಗುತ್ತದೆ. ಎರಡು ಕಡೆಯೂ ನೋಡುವುದಕ್ಕೆ ದುಡ್ಡು ಹಾಕುವುದಾದರೆ ನಾನು ಆರಿಸುವುದು ಇದನ್ನೇ.

'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗ, 2023ರ ಸೆಪ್ಟೆಂಬರ್ 1 ಮತ್ತು ನವೆಂಬರ್ 17. ಮೊದಲ ಭಾಗ ನೀಲಿ, ಎರಡನೆಯದು ಕೆಂಪು. ಹೇಮಂತ್ ರಾವ್ ಬಣ್ಣದಲ್ಲೇ ಅರ್ಧ ಕಥೆ ಹೇಳಿದ್ದಾರೆ. ಟಿವಿ ಡಬ್ಬದಿಂದ ಬಂದಾಗ ಇರುವ 'ವಿವಿಡ್' ಅಥವಾ 'ಸ್ಟಾಂಡರ್ಡ್' ಮೋಡ್‌ನಲ್ಲಿ ಬಿಳಿಯೇ ನೀಲಿಗೆ ತಿರುಗಿರುತ್ತದೆ, ಅದರ ಮೇಲೆ ಚಿತ್ರದ ನೀಲಿ ಬಿದ್ದರೆ ಮುಖಗಳು ಟ್ಯೂಬ್‌ಲೈಟ್ ಕೆಳಗೆ ಕೂತಂತೆ ಕಾಣುತ್ತವೆ. ಪಿಕ್ಚರ್ ಮೋಡ್ 'ಫಿಲ್ಮ್‌ಮೇಕರ್', ಇಲ್ಲದಿದ್ದರೆ 'ಸಿನಿಮಾ'. ಕಲರ್ ಟೆಂಪರೇಚರ್ 'ವಾರ್ಮ್ 2'. ಮೊದಲ ಹತ್ತು ನಿಮಿಷ ಹಳದಿ ಅನಿಸುತ್ತದೆ, ಕಣ್ಣು ಹೊಂದಿಕೊಂಡ ಮೇಲೆ ಹಿಂದಿನದಕ್ಕೆ ಮರಳಲು ಮನಸ್ಸಾಗದು. ಅದೇ ಮೆನುವಿನಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನೂ ಆಫ್ ಮಾಡಿಬಿಡಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸೆಕೆಂಡಿಗೆ 24 ಫ್ರೇಮಿನ ಚಿತ್ರದ ನಡುವೆ ಟಿವಿ ತಾನೇ ಹೊಸ ಫ್ರೇಮು ಸೇರಿಸುತ್ತದೆ, ಸಿನಿಮಾ ಧಾರಾವಾಹಿಯಾಗುವುದು ಹೀಗೆ.

ಈ ಚಿತ್ರಕ್ಕೆ ಬೇಕಾದ್ದು ಮೌನ. ಜೈಲಿನ ದೃಶ್ಯಗಳ ಸಣ್ಣ ಸದ್ದು, ಕಡಲು, ನಾಯಕಿ ಪ್ರಿಯಾಳ ಹಾಡು ಚರಣ್ ರಾಜ್ ಸಂಗೀತದೊಂದಿಗೆ ಬೆರೆಯುವುದನ್ನು ಕೇಳಬೇಕಾದರೆ ಅರ್ಧ ಖಾಲಿಯಿರುವ ವಾರದ ನಡುವಿನ ಶೋ ಒಳ್ಳೆಯದು. ಅದು ಸಿಗದಿದ್ದರೆ ರಾತ್ರಿ ಹತ್ತರ ಮೇಲೆ, ಫ್ಯಾನ್ ನಿಲ್ಲಿಸಿ, ತಂತಿಯ ಹೆಡ್‌ಫೋನ್‌ನಲ್ಲಿ. ಭಾನುವಾರ ಸಂಜೆಯ ಶೋನಲ್ಲಿ ಪಾಪ್‌ಕಾರ್ನ್ ಪೊಟ್ಟಣವೇ ಗೆಲ್ಲುತ್ತದೆ.

'ವಿಕ್ರಾಂತ್ ರೋಣ' (2022ರ ಜುಲೈ 28) ತ್ರೀಡಿಯಲ್ಲಿ ಬಂದದ್ದು, ಮನೆಗೆ ಟೂಡಿಯಲ್ಲಿ. ಇಲ್ಲಿ ಗೆಲುವು ಮನೆಯದೇ. ಮಳೆ, ಕಾಡು, ರಾತ್ರಿ ತುಂಬಿದ ಚಿತ್ರ. ಟೂಡಿ ಪ್ರದರ್ಶನಕ್ಕೆ ಪರದೆಯ ಮೇಲೆ 48 ನಿಟ್ಸ್ ಬೆಳಕಿರಬೇಕೆಂಬ ನಿಯಮವಿದೆ, ತ್ರೀಡಿಯಲ್ಲಿ ಕನ್ನಡಕ ದಾಟಿ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ 15ರ ಆಸುಪಾಸು. ಪ್ರೊಜೆಕ್ಟರಿನ ದೀಪ ಹಳತಾಗಿದ್ದರೆ ಇನ್ನೂ ಕಡಿಮೆ. ನೂರಾರು ನಿಟ್ಸ್ ಇರುವ ಟಿವಿಯಲ್ಲಿ, ದೀಪ ಆರಿಸಿ ನೋಡಿದಾಗ, ಕಾಡಿನ ಸೆಟ್ಟಿನಲ್ಲಿ ಎಷ್ಟೆಲ್ಲ ಕೆಲಸವಿದೆ ಎಂಬುದು ಆಗಲೇ ಕಾಣುವುದು.

ಥಿಯೇಟರು ಎಂದರೆ ಎಲ್ಲವೂ ಒಂದೇ ಅಲ್ಲವಲ್ಲ. ಟಿಕೆಟ್ ಕೊಳ್ಳುವಾಗ ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರದ ಸಾಲು, ಅದರ ಮಧ್ಯ. ಕೊನೆಯ ಸಾಲಿನ ರಿಕ್ಲೈನರಿಗೆ ಹೆಚ್ಚು ದುಡ್ಡು ಕೊಟ್ಟರೆ ಸಿಗುವುದು ಹಿಂಗೋಡೆಯ ಸ್ಪೀಕರಿನ ಪಕ್ಕದ ಜಾಗ. ನೂರು ರೂಪಾಯಿ ಮೀರಿದ ಟಿಕೆಟ್ಟಿಗೆ ಶೇ 18 ಜಿಎಸ್‌ಟಿ ಸೇರುತ್ತದೆ, ಹಾಗಾಗಿ 200ರದು 236. ನಾಲ್ಕು ಜನರ ಮನೆಗೆ 944, ತಿಂಡಿ ಬಿಟ್ಟು. ಇಷ್ಟು ಕೊಟ್ಟ ಮೇಲೆ ಮಾತು ಮಂದವಾಗಿ ಕೇಳಿದರೆ ಸುಮ್ಮನೆ ಕೂರಬೇಕಿಲ್ಲ. ಫೇಡರ್ ಎಂಬ ಸದ್ದಿನ ನಿಯಂತ್ರಕದಲ್ಲಿ 7 ಎಂಬುದು ಮಿಕ್ಸ್ ಮಾಡಿದವರು ಬಯಸಿದ ಮಟ್ಟ. ದೂರಿಗೆ ಹೆದರಿ ಐದಕ್ಕೆ ಇಳಿಸಿಡುವವರು ಸಾಕಷ್ಟು. ಬಾಗಿಲ ಬಳಿಯ ಸಿಬ್ಬಂದಿಗೆ 'ಫೇಡರ್ ಎಷ್ಟರಲ್ಲಿದೆ, ಸ್ವಲ್ಪ ಏರಿಸಿ' ಎಂದು ಮೊದಲ ಹತ್ತು ನಿಮಿಷದಲ್ಲೇ ಹೇಳಿ. ಇಂಟರ್ವಲ್ ಆದಮೇಲೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.