ನರ್ಸಿಂಗ್ ಸೀಟಿಗೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ಹಾಕಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮನೆಗಳಿಗೆ ಏಜೆಂಟರ ಫೋನ್ ಶುರುವಾಗುತ್ತದೆ. ಮಗಳ ಹೆಸರು, ಅಂಕ, ಅಪ್ಪನ ನಂಬರ್ ಎಲ್ಲವೂ ಅವರ ಹತ್ತಿರ ಇರುತ್ತದೆ. "ಎರಡ ಸೀಟ್ ಉಳದಾವ್ರೀ ಯಜಮಾನ್ರ. ನಾಲ್ಕ ವರ್ಷ ಓದಿಸ್ರಿ, ಆಮ್ಯಾಲೆ ತಿಂಗಳಾ ನಲವತ್ತ ಸಾವಿರ ಪಗಾರ. ಫಾರಿನ್ ಹೋದ್ರಂತೂ ಲಕ್ಷದ ಮ್ಯಾಲೆ." ನಮ್ಮಪ್ಪನಿಗೂ ಹೀಗೇ ಹೇಳಿದ್ದರು. ನಾನು ಜಮಖಂಡಿ ತಾಲ್ಲೂಕಿನವಳು. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಈಗ ಬೆಳಗಾವಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಸಲ ನಮ್ಮ ಕಾಕಾನ ಮಗಳಿಗೂ ಅದೇ ಫೋನ್ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನರ್ಸ್ ಕೆಲಸದ ಬಗ್ಗೆ ನನಗೆ ದೂರಿಲ್ಲ. ಈ ಕೆಲಸ ನನಗೆ ಇಷ್ಟ, ಬಿಡುವ ಯೋಚನೆಯೂ ಇಲ್ಲ. ಆದರೆ ಈ ಓದಿಗೆ ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಅನ್ನುವುದನ್ನು ಮನೆಯವರಿಗೆ ಯಾರೂ ಪೂರ್ತಿ ಹೇಳುವುದಿಲ್ಲ.

ಏಜೆಂಟ್ ಹೇಳಿದ್ದು ವರ್ಷಕ್ಕೆ 90 ಸಾವಿರ, "ಎಲ್ಲಾ ಸೇರಿ". ಸೇರಿದ ಮೇಲೆ ನೋಡಿದರೆ ಅದು ಬರೀ ಕಾಲೇಜಿನ ಫೀ. ಹಾಸ್ಟೆಲ್ ಮತ್ತು ಮೆಸ್ ಬೇರೆ. ಯೂನಿಫಾರ್ಮ್, ಪುಸ್ತಕ, ಲ್ಯಾಬ್, ಪರೀಕ್ಷೆ ಫೀ ಬೇರೆ. ಪೋಸ್ಟಿಂಗ್‌ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಬಸ್ಸಿಗೂ ಬೇರೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಪ್ರತಿಯೊಬ್ಬರಿಂದ ಕೈಯಲ್ಲೇ ದುಡ್ಡು ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ರಸೀದಿ ಇಲ್ಲ. ಹೀಗೆ ವರ್ಷಕ್ಕೆ ಒಂದೂ ಮುಕ್ಕಾಲು ಲಕ್ಷದ ಹತ್ತಿರ, ನಾಲ್ಕು ವರ್ಷಕ್ಕೆ ಸುಮಾರು 7 ಲಕ್ಷ ಹೋಯಿತು. ಕಾರ್ಖಾನೆಯಿಂದ ಕಬ್ಬಿನ ಬಿಲ್ ಬರುವುದು ತಡ. ಕಾಲೇಜು ಅಲ್ಲಿಯವರೆಗೆ ಕಾಯುವುದಿಲ್ಲ. ಅವ್ವನ ಬಂಗಾರ ಅಡವು ಇಟ್ಟರು. ಉಳಿದದ್ದಕ್ಕೆ ಅಪ್ಪ ಪತ್ತಿನ ಸಂಘದಲ್ಲಿ ಸಾಲ ಎತ್ತಿದರು.

ದುಡ್ಡಿಗಿಂತ ಜಾಸ್ತಿ ನಷ್ಟವಾದದ್ದು ಕಲಿಕೆಯಲ್ಲಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಹೇಳುತ್ತದೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಇರಬೇಕು. ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಮಂಚಗಳೇನೋ ಇದ್ದವು. ಮಲಗಿದವರು ಬೆರಳೆಣಿಕೆಯಷ್ಟು. ಇನ್‌ಸ್ಪೆಕ್ಷನ್ ಬರುವ ದಿನ ಮಾತ್ರ ಸುತ್ತಲಿನ ಹಳ್ಳಿಗಳಿಂದ ಜನರನ್ನು ಕರೆತಂದು ವಾರ್ಡ್ ತುಂಬಿಸುತ್ತಿದ್ದರು. ಉಳಿದ ದಿನ ನಮ್ಮನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದರು. ಅಲ್ಲಿ ಮೂರ್ನಾಲ್ಕು ಕಾಲೇಜಿನ ಹುಡುಗಿಯರು ಒಂದೇ ಮಂಚದ ಸುತ್ತ ನಿಂತು ನೋಡುತ್ತಿದ್ದೆವು. ಐವಿ ಹಾಕುವುದು, ಕ್ಯಾತಿಟರ್ ಹಾಕುವುದು, ಹೆರಿಗೆಯಲ್ಲಿ ಕೈಜೋಡಿಸುವುದು ಎಲ್ಲವೂ ರೆಕಾರ್ಡ್ ಪುಸ್ತಕದಲ್ಲಿ ಬರೆದದ್ದೇ ಜಾಸ್ತಿ, ಕೈಯಿಂದ ಮಾಡಿದ್ದು ಕಡಿಮೆ. ಕೆಲಸ ಕೇಳಲು ಹೋದಾಗ ಇದು ಗೊತ್ತಾಗಿಬಿಡುತ್ತದೆ. ದೊಡ್ಡ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಅಲ್ಲಿ ಆಗಲಿಲ್ಲ ಅಂದರೆ ಸಣ್ಣ ನರ್ಸಿಂಗ್ ಹೋಮೇ ಗತಿ, ಅಲ್ಲಿ ಪಗಾರವೂ ಸಣ್ಣದು.

ಇನ್ನೂ ಕೆಲವರು "ನಾನ್ ಅಟೆಂಡಿಂಗ್" ಸೀಟು ಎನ್ನುತ್ತಾರೆ. ಮನೆಯಲ್ಲೇ ಇರಿ, ಪರೀಕ್ಷೆಗೆ ಮಾತ್ರ ಬನ್ನಿ ಅಂತ. ನಿಯಮದಲ್ಲಿ ತರಗತಿಗೆ 80% ಹಾಜರಿ ಬೇಕು, ಡಿಗ್ರಿ ಕೈಗೆ ಬರುವ ಮೊದಲು ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿ ಮಾಡುವ ಕಲಿಕೆ, 100% ಮುಗಿಸಿರಬೇಕು. ಹಾಗೆ ಓದಿದವರ ಕೈಗೆ ನಾಳೆ ಒಂದು ಜೀವ ಬರುತ್ತದೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ.

ಎರಡನೇ ವರ್ಷದಲ್ಲಿ ನನ್ನ ಗೆಳತಿಯೊಬ್ಬಳು ಬಿಟ್ಟು ಹೋಗಲು ನೋಡಿದಳು. ಸೇರುವಾಗಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿ ಮತ್ತು ಟಿ.ಸಿ. ಕಾಲೇಜಿನವರು ಇಟ್ಟುಕೊಂಡಿದ್ದರು. "ಉಳದ ಎರಡ ವರ್ಷದ ಫೀ ಕಟ್ಟಿ ಒಯ್ರಿ" ಅಂದರು. ಅವಳಪ್ಪ ಆಫೀಸಿನ ಮುಂದೆ ಕೈಮುಗಿದು ನಿಂತರೂ ಕೊಡಲಿಲ್ಲ. ನನ್ನ ಕಾಗದಗಳನ್ನು ಕೋರ್ಸ್ ಮುಗಿದ ಮೇಲೂ ಹಿಡಿದಿಟ್ಟರು. ಅವರದೇ ಆಸ್ಪತ್ರೆಯಲ್ಲಿ ಒಂದು ವರ್ಷ 8 ಸಾವಿರಕ್ಕೆ ದುಡಿದ ಮೇಲೆ ಕೈಗೆ ಬಂದವು.

ಇದು ಅವರ ಹಕ್ಕಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾಲೇಜುಗಳು ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ. ನೋಡಿ ಹೊಂದಿಸಿಕೊಂಡು ಅಲ್ಲೇ ವಾಪಸ್ ಕೊಡಬೇಕು. ಮುಂದಿನ ವರ್ಷಗಳ ಫೀಯನ್ನು ಮೊದಲೇ ಕೇಳುವಂತೆಯೂ ಇಲ್ಲ. ಸೀಟು ಬಿಟ್ಟರೆ ಎಷ್ಟು ಫೀ ವಾಪಸ್ ಬರಬೇಕು ಎಂಬ ಲೆಕ್ಕವೂ ಅದರಲ್ಲೇ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಬಿಟ್ಟು ಪೂರ್ತಿ ಫೀ ವಾಪಸ್. ಕೊನೆಯ ದಿನ ದಾಟಿ 15 ದಿನದೊಳಗೆ ಬಿಟ್ಟರೆ 80%, 30 ದಿನದೊಳಗೆ ಆದರೆ 50%. ಆಮೇಲೆ ಏನೂ ಇಲ್ಲ. ಬಾಂಡ್ ಬರೆಸಿಕೊಂಡು ದುಡಿಸುವ ಪದ್ಧತಿ ಬೇಡವೆಂದು ನರ್ಸಿಂಗ್ ಪರಿಷತ್ತೂ ಹಿಂದೆಯೇ ಹೇಳಿದೆ. ನಮ್ಮ ಹಳ್ಳಿಯಲ್ಲಿ ಇದನ್ನು ಯಾರು ಹೇಳಬೇಕಿತ್ತು?

ಈಗ ಪಗಾರದ ಮಾತು. ಬೆಳಗಾವಿಯಲ್ಲಿ ನನಗೆ ಮೊದಲು ಸಿಕ್ಕಿದ್ದು 13 ಸಾವಿರ. ಪಿಎಫ್ ಕಡಿತವಾಗಿ ಕೈಗೆ ಬರುತ್ತಿದ್ದದ್ದು ಹನ್ನೊಂದೂವರೆ. ಉಳಿದುಕೊಂಡಿದ್ದ ಪಿಜಿ ರೂಮಿಗೆ ಐದೂವರೆ ಸಾವಿರ. ಫೋನ್, ಬಸ್, ಊರಿಗೆ ಹೋಗಿಬರುವುದು, ಸೋಪು ಎಣ್ಣೆ ಅಂತ ಕಳೆದರೆ ಮನೆಗೆ ಕಳಿಸಲು ಉಳಿಯುತ್ತಿದ್ದದ್ದು 3 ಸಾವಿರ. ತಿಂಗಳಿಗೆ 3 ಸಾವಿರದಂತೆ 7 ಲಕ್ಷ ತೀರಲು 19 ವರ್ಷ ಬೇಕು. ಅದೂ ಬಡ್ಡಿ ಬಿಟ್ಟು. ಬ್ಯಾಂಕಿನ ಶಿಕ್ಷಣ ಸಾಲವಾದರೆ? 5 ಲಕ್ಷ ಸಾಲ, 10% ಬಡ್ಡಿ, 7 ವರ್ಷದ ಅವಧಿ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 8,300 ರೂಪಾಯಿ. ಓದುವಾಗ ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ. ಹನ್ನೊಂದೂವರೆ ಸಾವಿರದಲ್ಲಿ ಈ ಕಂತು ಕಟ್ಟಿ ಬದುಕುವುದು ಹೇಗೆ? ಐಸಿಯು ಕೆಲಸ ಕಲಿತ ಮೇಲೆ ನನ್ನ ಪಗಾರ 22 ಸಾವಿರಕ್ಕೆ ಬಂದಿದೆ. ಅವ್ವನ ಬಂಗಾರ ಇನ್ನೂ ಅಡವಿನಲ್ಲೇ ಇದೆ.

ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಮಾಡಿತ್ತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರಕ್ಕೆ ಕಡಿಮೆ ಕೊಡಬಾರದು, 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು. ಹತ್ತು ವರ್ಷವಾಗುತ್ತಾ ಬಂತು. ನಾನು ದುಡಿದ ಕಡೆ ಅದನ್ನು ಯಾರೂ ಪಾಲಿಸಿದ್ದು ನೋಡಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡ್ ನೋಡಿಕೊಳ್ಳುವವಳಿಗೆ 13 ಸಾವಿರ ಅಂದರೆ ಅನ್ಯಾಯ. ಇದನ್ನು ಜೋರಾಗಿಯೇ ಹೇಳುತ್ತೇನೆ.

ನಲವತ್ತು ಸಾವಿರದ ಪಗಾರ ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ನರ್ಸಿಂಗ್ ಆಫೀಸರ್‌ಗೆ ಮೂಲ ವೇತನವೇ 44,900ರಿಂದ ಶುರು. ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ ಬರೆದು ಅಲ್ಲಿಗೆ ಹೋಗಬಹುದು. ಆದರೆ ದೇಶದ ಎಲ್ಲಾ ಕಡೆಯವರೂ ಅದನ್ನು ಬರೆಯುತ್ತಾರೆ. ಫಾರಿನ್ ಮಾತೂ ಹಾಗೇ. ಬ್ರಿಟನ್‌ಗೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಜರ್ಮನಿಗೆ ಜರ್ಮನ್ ಭಾಷೆ ಬಿ2 ಮಟ್ಟದವರೆಗೆ ಕಲಿಯಬೇಕು. ಅದಕ್ಕೆ ಮತ್ತೆ ದುಡ್ಡು, ಮತ್ತೆ ಸಮಯ. ವಿದೇಶಕ್ಕೆ ಕಳಿಸುವ ಏಜೆನ್ಸಿ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಅದು 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ನಮ್ಮ ಕಾಕಾನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಸಿಇಟಿ ದಾರಿ ನೋಡು. 2023ರಿಂದ ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಿಇಟಿ ಮೂಲಕವೇ ಹಂಚುತ್ತಿದೆ. ಅಲ್ಲಿ ಫೀ ಕಡಿಮೆ. ಹಾಗೆ ಸೀಟು ಸಿಕ್ಕರೆ ಸ್ಕಾಲರ್‌ಶಿಪ್ ಮತ್ತು ಸರ್ಕಾರಿ ನಿಗಮಗಳು ಓದಿಗೆ ಕೊಡುವ "ಅರಿವು" ಸಾಲದ ಬಗ್ಗೆ ಬಾಗಲಕೋಟೆ ನವನಗರದ ಕಚೇರಿಗಳಲ್ಲಿ ಕೇಳೋಣ. ಅದು ಆಗದೆ ಖಾಸಗಿಗೇ ಹೋಗುವುದಾದರೆ ಏಜೆಂಟನನ್ನು ಬಿಟ್ಟು ನೀನೇ ಹೋಗು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಕಾಲೇಜಿನ ಹೆಸರು ಇದೆಯಾ ನೋಡು. ಹೇಳದೇ ಕೇಳದೇ ಒಂದು ಮಧ್ಯಾಹ್ನ ಅವರ ಆಸ್ಪತ್ರೆಯೊಳಗೆ ಹೋಗಿ ಎಷ್ಟು ಜನ ಮಲಗಿದ್ದಾರೆ ಎಣಿಸು. ಕೊನೆಯ ವರ್ಷದ ಹುಡುಗಿಯರನ್ನು ಗೇಟಿನ ಹೊರಗೆ ಮಾತಾಡಿಸು. ಹೋದ ವರ್ಷ ಮುಗಿಸಿದವರು ಎಲ್ಲಿ ಕೆಲಸಕ್ಕಿದ್ದಾರೆ, ಕೈಗೆ ಎಷ್ಟು ಬರುತ್ತಿದೆ ಕೇಳು. ನಾಲ್ಕು ವರ್ಷದ ಪೂರ್ತಿ ಖರ್ಚನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಬರೆಸಿಕೋ.

ಈಗಾಗಲೇ ದುಡ್ಡು ಕಟ್ಟಿದ್ದರೆ ಇವತ್ತೇ ರಸೀದಿ ಕೇಳಿ. ಮೂಲ ಅಂಕಪಟ್ಟಿ ಕೊಟ್ಟಿದ್ದರೆ ವಾಪಸ್ ಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ಕೊಡದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ವಿಶ್ವವಿದ್ಯಾಲಯಕ್ಕೂ ಯುಜಿಸಿಗೂ ದೂರು ಕಳಿಸಿ. ಸೀಟು ಬಿಡುವ ಯೋಚನೆ ಇದ್ದು ಪ್ರವೇಶದ ಕೊನೆಯ ದಿನ ಇನ್ನೂ ದಾಟಿಲ್ಲದಿದ್ದರೆ ತಡ ಮಾಡಬೇಡಿ.