ಅಗ್ರಹಾರದ ಗೊಜ್ಜು, ತಕಾವೊ ಬೆಟ್ಟದ ಬುತ್ತಿ

ಮೈಸೂರಿನ ಅಗ್ರಹಾರದಲ್ಲಿ, ತ್ಯಾಗರಾಜ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಒಬ್ಬರು ಬಾಗಿಲಲ್ಲಿ ನಿಂತರೆ ಇನ್ನೊಬ್ಬರು ಬೀದಿಯಲ್ಲೇ ಕಾಯಬೇಕಾದಷ್ಟು ಚಿಕ್ಕ ಕಾಂಡಿಮೆಂಟ್ಸ್ ಅಂಗಡಿಯಿದೆ. ಪುಳಿಯೋಗರೆ ಗೊಜ್ಜು, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಮೈಸೂರುಪಾಕು ಇಷ್ಟೇ ಸರಕು. ಇವುಗಳ ರುಚಿಯನ್ನು ಅಗ್ರಹಾರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಟೋಕಿಯೊದ ಪಕ್ಕದ ಬೆಟ್ಟದ ಮೇಲೆ, ಆಗಸ್ಟ್ ತಿಂಗಳ ಸೆಕೆಯಲ್ಲಿ ಇವು ಹೇಗೆ ಬಾಳಿದವು ಎಂಬುದನ್ನಷ್ಟೇ ಬರೆಯುತ್ತೇನೆ. ಮಕ್ಕಳು ಹೊರದೇಶದಲ್ಲಿರುವವರಿಗೆ ಸೂಟ್‌ಕೇಸ್ ತುಂಬುವಾಗ ಉಪಯೋಗಕ್ಕೆ ಬಂದೀತು.

ಜಪಾನಿನಲ್ಲಿ ಆಗಸ್ಟ್ 11 ಬೆಟ್ಟದ ದಿನ. 2016ರಿಂದ ಅದಕ್ಕೆ ಸರ್ಕಾರಿ ರಜೆ. ನಾವಿರುವುದು ಟೋಕಿಯೊದ ನಿಶಿ ಕಸಾಯಿಯಲ್ಲಿ. ಶಿಂಜುಕುವಿನಿಂದ ಕೇಯೊ ರೈಲು ಹಿಡಿದರೆ ಒಂದು ಗಂಟೆಯೊಳಗೆ ತಕಾವೊ ಬೆಟ್ಟದ ಬುಡದಲ್ಲೇ ಇಳಿಸುತ್ತದೆ. ಎತ್ತರ 599 ಮೀಟರ್. ನಮ್ಮ ಚಾಮುಂಡಿ ಬೆಟ್ಟವೇ ಸಾವಿರ ಮೀಟರ್ ದಾಟಿದೆಯಲ್ಲ ಎಂದು ಮೂಗು ಮುರಿಯಬೇಡಿ. ಮೈಸೂರು ಊರೇ ಏಳುನೂರು ಮೀಟರಿಗಿಂತ ಮೇಲಿದೆ. ತಕಾವೊದ ರೈಲು ನಿಲ್ದಾಣ ಇರುವುದು ಇನ್ನೂರರ ಆಸುಪಾಸಿನಲ್ಲಿ. ಕಾಲಿಗೆ ಬೀಳುವ ಏರು ಅಲ್ಲೇ ಹೆಚ್ಚು. ನಾವು ಹಿಡಿದದ್ದು ತೊರೆಯ ಪಕ್ಕದ ಆರನೆಯ ಹಾದಿ. ಕೊನೆಕೊನೆಗೆ ನೀರಿನೊಳಗಿನ ಕಲ್ಲುಗಳ ಮೇಲೆ ಕಾಲಿಟ್ಟು ಹತ್ತಬೇಕು.

ತುದಿಯಲ್ಲಿ ಹೋಟೆಲುಗಳಿವೆ. ತುರಿದ ಗೆಣಸಿನ ಲೋಳೆ ಹಾಕಿದ ಸೋಬಾ ಶಾವಿಗೆ ಆ ಬೆಟ್ಟದ ಹೆಸರುವಾಸಿ ಊಟ. ಆದರೆ ಮೀನಿನ ತುಂಡು ಕಣ್ಣಿಗೆ ಕಾಣದಿದ್ದರೂ ಸಾರು ಕುದಿಸುವುದು ಸಾಮಾನ್ಯವಾಗಿ ಒಣಮೀನಿನ ಹೆರಕಲಿನಿಂದ. ನಮ್ಮಂಥವರಿಗೆ ಬುತ್ತಿಯೇ ಗತಿ. ಮೊಸರನ್ನವನ್ನು ಆ ಸೆಕೆಯಲ್ಲಿ ನಂಬುವಂತಿಲ್ಲ, ಚಪಾತಿ ಮಧ್ಯಾಹ್ನದ ಹೊತ್ತಿಗೆ ಚಕ್ಕಳವಾಗುತ್ತದೆ. ಹಾಗಾಗಿ ಗೊಜ್ಜು.

ಈ ಅಂಗಡಿಯ ಗೊಜ್ಜನ್ನು ನಾನು ಮೆಚ್ಚುವುದು ಅದರ ಎಣ್ಣೆಗಾಗಿ. ಡಬ್ಬಿ ತೆರೆದರೆ ಮೇಲೆ ಅರ್ಧ ಬೆರಳು ಎಣ್ಣೆ ನಿಂತಿರುತ್ತದೆ, ಅದರಡಿಯಲ್ಲಿ ಕಪ್ಪು ಮಿಶ್ರಿತ ಕಂದು ಬಣ್ಣದ ಗಟ್ಟಿ ಗೊಜ್ಜು. ಹುಣಸೆ ಮುಂದೆ, ಬೆಲ್ಲ ಹಿಂದೆ, ಕರಿಎಳ್ಳಿನ ಸಣ್ಣ ಕಹಿ ಕೊನೆಗೆ. ದೊಡ್ಡ ಕಂಪನಿಗಳ ಪೊಟ್ಟಣದ ಪುಡಿಯಲ್ಲಿ ಬೆಲ್ಲವೇ ಮೊದಲು ನಾಲಿಗೆಗೆ ಸಿಗುತ್ತದೆ, ನನಗೆ ಅದು ಸೇರುವುದಿಲ್ಲ. ತೊಡಕು ಇದ್ದದ್ದು ಅಕ್ಕಿಯದು. ಜಪಾನಿನ ಅಕ್ಕಿ ಗಿಡ್ಡ, ಅಂಟು. ನಮ್ಮ ಸೋನಾ ಮಸೂರಿಯ ಹಾಗೆ ಉದುರುದುರಾಗುವುದಿಲ್ಲ. ನೀರು ಕಡಿಮೆ ಇಟ್ಟು ಅನ್ನ ಮಾಡಿ, ತಟ್ಟೆಯಲ್ಲಿ ಹರಡಿ, ಎಳ್ಳೆಣ್ಣೆ ಸವರಿ, ಪೂರ್ತಿ ಆರಿದ ಮೇಲೆ ಗೊಜ್ಜು ಕಲೆಸಿದೆ. ಆದರೂ ಉಂಡೆ ಕಟ್ಟಿತು. ಕಟ್ಟಲಿ ಎಂದು ಉಂಡೆಗಳನ್ನೇ ಮಾಡಿ ಡಬ್ಬಿಗೆ ತುಂಬಿದೆ. ಬೆಳಗ್ಗೆ ಐದಕ್ಕೆ ಕಲೆಸಿದ್ದು ಹನ್ನೆರಡು ಗಂಟೆಗೆ ಇನ್ನಷ್ಟು ಹದವಾಗಿತ್ತು, ಹುಳಿ ಅನ್ನದೊಳಕ್ಕೆ ಇಳಿದಿತ್ತು. ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದ ವಯಸ್ಸಾದ ದಂಪತಿಯ ಡಬ್ಬಿಯಲ್ಲೂ ಅನ್ನದ ಉಂಡೆಯೇ. ನಡುವೆ ಉಪ್ಪಿನಲ್ಲಿ ಊರಿಸಿದ ಉಮೆಬೋಶಿ ಎಂಬ ಹುಳಿಕಾಯಿ. ಅನ್ನ ಕೆಡದಿರಲಿ ಎಂದೇ ಅದನ್ನು ಇಡುತ್ತಾರೆ. ನಮ್ಮಲ್ಲಿ ಹುಣಸೆ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ.

ಕೋಡುಬಳೆ ಪಾಸು. ಬೆನ್ನುಚೀಲದ ತಳದಲ್ಲಿ ನೀರಿನ ಬಾಟಲಿಯ ಭಾರ ಹೊತ್ತು ಬಂದರೂ ಒಂದೆರಡೇ ಮುರಿದಿದ್ದವು. ಕೊಬ್ಬರಿ, ಇಂಗು, ಕೆಂಪು ಮೆಣಸಿನಕಾಯಿ ಎಲ್ಲವೂ ಸರಿಯಾಗಿದ್ದು, ಬೆವರು ಹರಿದ ಮೈ ಬೇಡುವ ಉಪ್ಪೂ ಇತ್ತು. ಆ ದಂಪತಿಗೆ ಕೊಟ್ಟೆವು. ಅಜ್ಜ ಎರಡನೆಯದಕ್ಕೆ ಕೈ ಚಾಚಿದರು, ಅಜ್ಜಿ ಒಂದು ಲೀಟರ್ ನೀರು ಕುಡಿದರು. ನಿಪ್ಪಟ್ಟು ಮಾತ್ರ ಬೆಟ್ಟದ ತಿಂಡಿಯಲ್ಲ, ತುದಿ ಮುಟ್ಟುವ ಹೊತ್ತಿಗೆ ಹಿಟ್ಟಾಗಿತ್ತು. ಅದನ್ನು ಪುಳಿಯೋಗರೆಯ ಮೇಲೆ ಉದುರಿಸಿಕೊಂಡು ತಿಂದೆವು. ಕಡಲೆಬೀಜದ ಚೂರು ಸಿಕ್ಕಾಗ ಚೆನ್ನಾಗಿತ್ತು. ಮೈಸೂರುಪಾಕಿನ ತುಪ್ಪ ಕಾಗದಕ್ಕೆ ಹೋಗಿ, ಕಾಗದ ಪಾಕಿಗೆ ಅಂಟಿತ್ತು. ಚಳಿಗಾಲಕ್ಕೆ ಒಯ್ಯಿರಿ.

ಇಳಿಯುವಾಗ ಒಂದನೆಯ ಹಾದಿಯಲ್ಲಿ ಯಾಕುಒಇನ್ ದೇವಾಲಯವಿದೆ. ಕ್ರಿ.ಶ. 744ರಲ್ಲಿ ಸ್ಥಾಪನೆಯಾದದ್ದು ಎನ್ನುತ್ತಾರೆ. ಟೆಂಗು ಎಂಬ ಉದ್ದಮೂಗಿನ ಜಪಾನಿ ದೈವ ಅಲ್ಲಿ ಕಾವಲು. ಅದರ ಕೆಳಗಿನ 108 ಮೆಟ್ಟಿಲು ಇಳಿಯುವಾಗ ಮೊಣಕಾಲು ಚಾಮುಂಡೇಶ್ವರಿಯನ್ನು ನೆನೆಯಿತು.

ಈಗ ದೂರು. ಆ ಬೆಟ್ಟದಲ್ಲಿ ನಮ್ಮ ಕಸವನ್ನು ನಾವೇ ಮನೆಗೆ ಒಯ್ಯಬೇಕು. ಈ ಅಂಗಡಿಯವರೋ ಒಂದು ತಿಂಡಿಗೆ ಮೂರು ಪ್ಲಾಸ್ಟಿಕ್ ಚೀಲ ಸುತ್ತುತ್ತಾರೆ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕವಿಲ್ಲ. ಗೊಜ್ಜಿನ ಡಬ್ಬಿಯ ಮುಚ್ಚಳ ಸಡಿಲ, ನನ್ನ ಒಂದು ಹತ್ತಿ ಸೀರೆಗೆ ಎಣ್ಣೆಯ ಗುರುತು ಶಾಶ್ವತವಾಗಿ ಉಳಿದಿದೆ. ಈ ಸಲ ರಜೆಗೆ ಬಂದಾಗ ಅಂಗಡಿಯ ಯಜಮಾನರನ್ನು ಕೇಳಿದೆ, "ಗಾಳಿ ಹೀರಿಸಿ ಪ್ಯಾಕ್ ಮಾಡಿಕೊಡಬಾರದೇ?"

"ಗೊಜ್ಜಿಗೆ ಮಾಡಿಸಿಕೊಡುತ್ತೇನೆ ಅಮ್ಮ. ಕೋಡುಬಳೆಗೆ ಕೇಳಬೇಡಿ, ಗಾಳಿ ಹೀರಿದರೆ ಅದೂ ನಿಪ್ಪಟ್ಟಿನ ಜೊತೆ ಸೇರುತ್ತದೆ" ಎಂದರು. ಮಾತು ಸರಿಯಾಗಿತ್ತು. ದಿನಾಂಕದ ಬಗ್ಗೆ ಕೇಳಿದ್ದಕ್ಕೆ, "ನಿನ್ನೆ ಮಾಡಿದ್ದು" ಎಂದರು. ಯಾವಾಗ ಕೇಳಿದರೂ ಅದು ನಿನ್ನೆಯದೇ.

ಬೆಲೆ ಬ್ರಾಂಡ್ ಪೊಟ್ಟಣಗಳಿಗಿಂತ ತುಸು ಹೆಚ್ಚು, ಕೊಡಬಹುದು. ಗೊಜ್ಜನ್ನು ವಿಮಾನದ ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ಅದೂ ದ್ರವದ ಲೆಕ್ಕಕ್ಕೇ ಸೇರುತ್ತದೆ. ಹಸಿ ಕರಿಬೇವನ್ನೂ ಹಣ್ಣನ್ನೂ ಪ್ರಮಾಣಪತ್ರವಿಲ್ಲದೆ ಜಪಾನಿನೊಳಕ್ಕೆ ಬಿಡುವುದಿಲ್ಲ, ಅತ್ತೆಯವರು ಎಷ್ಟೇ ಹೇಳಿದರೂ ತುರುಕಬೇಡಿ. ಕೋಡುಬಳೆ ಬೇಕಿದ್ದರೆ ಮಧ್ಯಾಹ್ನದೊಳಗೆ ಹೋಗಿ. ಸಂಜೆಯ ಹೊತ್ತಿಗೆ ನಿಪ್ಪಟ್ಟು ಮಾತ್ರ ಉಳಿದಿರುತ್ತದೆ.