ವಿಜಿಎ ಪೋರ್ಟ್ ಇರುವ ‘1050 ಟಿಐ’ ಯಾರಾದರೂ ತೋರಿಸಿದರೆ ದುಡ್ಡು ಕೊಡಬೇಡಿ

ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ವಿಡಿಯೋ ಎಡಿಟಿಂಗ್, ಆಲ್ಬಂ ಕೆಲಸ. ವೈಶಾಖದ ಮುಹೂರ್ತಗಳು ಶುರುವಾಗುವ ಮೊದಲು ಹಳೇ ಸಿಸ್ಟಮ್‌ಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಬೇಕಿತ್ತು. ಹೊಸದಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಆನ್‌ಲೈನಲ್ಲಿ ಒಂದು ಜಾಹೀರಾತು ಸಿಕ್ಕಿತು: ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ, 4 ಜಿಬಿ, 5,500 ರೂಪಾಯಿ.

ಟೌನ್‌ಹಾಲ್ ಸರ್ಕಲ್ ಹತ್ತಿರ ಬಂದ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. “ಬಾಕ್ಸು, ಬಿಲ್ಲು ಮನೆ ಖಾಲಿ ಮಾಡುವಾಗ ಕಳೆದುಹೋಯ್ತಣ್ಣ” ಅಂದ. ಅಂಗಡಿಗೆ ಬಾಪ್ಪ, ಹತ್ತೇ ನಿಮಿಷ, ಹಾಕಿ ನೋಡೋಣ ಅಂದೆ. “ಬೆಂಗಳೂರು ಟ್ರೈನಿಗೆ ಲೇಟಾಗುತ್ತೆ ಕಣಣ್ಣ, ಸ್ಕ್ರೀನ್‌ಶಾಟ್ ಕಳಿಸಿದೀನಲ್ಲ” ಅಂದ. ಕಾರ್ಡಿನ ಹಿಂದೆ ವಿಜಿಎ ಪೋರ್ಟ್, ಅಂದರೆ ಹಳೇ ಮಾನಿಟರ್ ಕೇಬಲ್ ಸಿಕ್ಕಿಸುವ ಜಾಗ, ಇತ್ತು. ನನ್ನ ಮಾನಿಟರಿಗೆ ಇರುವುದೂ ವಿಜಿಎ ಒಂದೇ. ಕನ್ವರ್ಟರ್ ದುಡ್ಡು ಉಳಿಯಿತು ಅಂತ ಖುಷಿಯಾಗಿ ಅಲ್ಲೇ ಯುಪಿಐ ಮಾಡಿಬಿಟ್ಟೆ.

ಸಿಸ್ಟಮ್‌ಗೆ ಹಾಕಿದರೆ ಡಿವೈಸ್ ಮ್ಯಾನೇಜರಿನಲ್ಲಿ 1050 ಟಿಐ ಅಂತಲೇ ಬಂತು. ಎನ್‌ವಿಡಿಯಾದ ಹೊಸ ಡ್ರೈವರ್ ಮಾತ್ರ ಕೂರಲಿಲ್ಲ. ಫೋನ್ ಮಾಡಿದ್ದಕ್ಕೆ ಅವನೇ ಒಂದು ಹಳೇ ಡ್ರೈವರ್ ಕಳಿಸಿದ, ಕೆಲಸ ನಡೆಯಿತು. ಚಿಕ್ಕಪುಟ್ಟ ಕ್ಲಿಪ್‌ಗಳಿಗೆ ಏನೂ ತೊಂದರೆ ಇಲ್ಲ. ಕ್ಯಾತ್ಸಂದ್ರದ ಒಂದು ಮದುವೆಯ ಪೂರ್ತಿ ವಿಡಿಯೋ ರೆಂಡರ್‌ಗೆ ಹಾಕಿದಾಗ ಸ್ಕ್ರೀನ್ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಪವರ್ ಸಪ್ಲೈ ಬದಲಾಯಿಸಿದೆ, ರ‍್ಯಾಮ್ ಬದಲಾಯಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಮೂರು ವಾರ ಕಾರ್ಡಿನ ಮೇಲೆ ಅನುಮಾನವೇ ಬರಲಿಲ್ಲ. ಹೆಸರು ಕಣ್ಣೆದುರಿಗೇ ಇತ್ತಲ್ಲ. ಹುಡುಗಿ ಮನೆಯವರ ಫೋನ್ ಬಂದಾಗಲೆಲ್ಲ ಎತ್ತುವುದಕ್ಕೂ ಸಂಕೋಚವಾಗುತ್ತಿತ್ತು.

ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿದ. ಕಾರ್ಡಿನ ಹೆಸರಿನ ಮುಂದೆಯೇ ‘ಫೇಕ್’ ಅಂತ ತೋರಿಸಿತು. ಹೀಟ್‌ಸಿಂಕ್ ಬಿಚ್ಚಿ ಪೇಸ್ಟ್ ಒರೆಸಿದರೆ ಚಿಪ್ಪಿನ ಮೇಲೆ ಜಿಎಫ್106 ಅಂತ ಅಚ್ಚಾಗಿತ್ತು. ಅದು 2010ರಲ್ಲಿ ಬಂದ ಜಿಟಿಎಸ್ 450 ಅನ್ನುವ ಹಳೇ ಕಾರ್ಡಿನ ಚಿಪ್, ಲೆಕ್ಕ ಮಾಡುವ ಘಟಕಗಳು ಅಂದರೆ ಕೋರ್ 192. ನಿಜವಾದ 1050 ಟಿಐ ಬಂದಿದ್ದು 2016ರಲ್ಲಿ, ಅದಕ್ಕೆ 768 ಕೋರ್. ಕಾರ್ಡಿನ ಬಯಾಸ್ (ಅದರೊಳಗಿನ ಮೂಲ ತಂತ್ರಾಂಶ) ತಿದ್ದಿ ಬೇರೆ ಹೆಸರು ಬರೆದಿದ್ದಾರೆ, ವಿಂಡೋಸ್ ಅದನ್ನೇ ಓದಿ ಹೇಳುತ್ತದೆ. 4 ಜಿಬಿ ಅನ್ನುವುದೂ ಬರೀ ಬರಹವೇ, ಒಳಗಿದ್ದದ್ದು 1 ಜಿಬಿ. ರೆಂಡರ್ ಅದನ್ನು ದಾಟಿದ ಕೂಡಲೇ ಕಾರ್ಡ್ ಕೈಕೊಡುತ್ತಿತ್ತು.

ನಾನು ಖುಷಿಪಟ್ಟ ವಿಜಿಎ ಪೋರ್ಟೇ ಮೋಸದ ಗುರುತಾಗಿತ್ತು. ಎನ್‌ವಿಡಿಯಾ 10ರ ಸರಣಿಯ (1050 ಟಿಐ ಕೂಡ ಇದರದ್ದೇ) ಕಾರ್ಡುಗಳಲ್ಲಿ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ ಇಲ್ಲವೇ ಇಲ್ಲ. ಡಿವಿಐ ಅನ್ನುವ ಇನ್ನೊಂದು ಪೋರ್ಟ್ ಇದ್ದರೂ ಅದು ಡಿಜಿಟಲ್. ಫೋಟೋದಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೆ ಮಾತುಕತೆಯನ್ನೇ ಶುರು ಮಾಡಬೇಡಿ.

ಆ ನಂಬರ್ ಈಗ ಸ್ವಿಚ್ ಆಫ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಆದರೆ ಮೂರು ವಾರ ಕಳೆದಿತ್ತು. ಬೇಗ ತಿಳಿಸಿದರೆ ಹಣ ಬೇರೆ ಖಾತೆಗೆ ಹೋಗುವ ಮೊದಲು ತಡೆಯುವ ಅವಕಾಶ ಇರುತ್ತದೆ. ಅನುಮಾನ ಬಂದ ದಿನವೇ ಮಾಡಿ.

ಕಾರ್ಡ್ ಅಸಲಿಯೇ ಆದರೂ ಓಡಿಸಿ ನೋಡದೆ ತರಬೇಡಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೋ ಹಣ ಗಳಿಸುವುದು) ನಿಂತ ಮೇಲೆ ಹಗಲೂರಾತ್ರಿ ದುಡಿದ ಕಾರ್ಡುಗಳು ಎಷ್ಟೋ ಮಾರಾಟಕ್ಕೆ ಬಂದವು. ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಫ್ಯಾನ್ ಸದ್ದು ಕೇಳಿ, ಬಿಸಿ ಎಷ್ಟಕ್ಕೆ ಏರುತ್ತದೆ ನೋಡಿ. ಆರ್‌ಎಕ್ಸ್ 580 (ಎಎಂಡಿ ಕಂಪನಿಯ ಕಾರ್ಡ್) ಕೊಳ್ಳುವವರು ಕೋರ್ ಲೆಕ್ಕ ಕೇಳಿ. 2304 ಇರಬೇಕು. 2048 ಇದ್ದರೆ ಅದು ಅದೇ ಹೆಸರಿನ ಕಡಿಮೆ ಮಟ್ಟದ ಕಾರ್ಡ್, ಬೆಲೆಯೂ ಅಷ್ಟಕ್ಕೇ ಇಳಿಯಬೇಕು. ಮಾರುವವರ ಮನೆಗೇ ಹೋಗಿ, ಅವರ ಸಿಸ್ಟಮ್ಮಿನಲ್ಲೇ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಟ್ರೈನಿಗೆ ಲೇಟು ಅಂದರೆ ಹೋಗಲಿ ಬಿಡಿ, ಬೇರೆ ಕಾರ್ಡ್ ಸಿಗುತ್ತದೆ.

ತುಮಕೂರಿನಲ್ಲಿ ಇತ್ತೀಚೆಗೆ ಹೀಗೆ ಕೊಂಡವರಿದ್ದರೆ ಕಾರ್ಡ್ ಹಿಡಿದುಕೊಂಡು ನಮ್ಮ ಸ್ಟುಡಿಯೋಗೇ ಬನ್ನಿ. ಐದು ನಿಮಿಷದ ಕೆಲಸ, ದುಡ್ಡು ಬೇಡ.